ದಾದಾರ ಕೈ ನಡುಗುತ್ತಿದೆಯೇ? ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ

ಮದುವೆ ಮನೆ. ಊಟ ಮುಗಿದಿದೆ. ಹುಡುಗನೊಬ್ಬ ಚಹಾ ಹಿಡಿದು ಹಿರಿಯರ ಸಾಲಿಗೆ ಬರುತ್ತಾನೆ. ಎಲ್ಲರೂ ಕಪ್ಪು-ಬಸಿ ಎತ್ತಿಕೊಳ್ಳುತ್ತಾರೆ. ತುದಿಯಲ್ಲಿ ಕುಳಿತ ಒಬ್ಬರು ಮಾತ್ರ, “ಬ್ಯಾಡಪಾ, ಈಗಷ್ಟ ಕುಡದು ಬಂದೇನಿ” ಎನ್ನುತ್ತಾರೆ. ಅವರು ಕುಡಿದು ಬಂದಿರುವುದಿಲ್ಲ. ಬಸಿಯ ಮೇಲೆ ಕಪ್ಪು ಕಟಕಟ ಸದ್ದು ಮಾಡಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ ಎಂಬ ಸಂಕೋಚ ಅವರದು. ಬಲಗೈಯನ್ನು ಶೇರ್ವಾನಿಯ ಜೇಬಿನಲ್ಲಿ ಇಟ್ಟುಕೊಂಡೇ ಕುಳಿತಿರುತ್ತಾರೆ.

ರೋಣ, ನರಗುಂದ, ಗಜೇಂದ್ರಗಡದ ಯಾವ ಮೊಹಲ್ಲಾದಲ್ಲಾದರೂ ಇಂತಹ ಹಿರಿಯರು ಸಿಗುತ್ತಾರೆ. ಮನೆಯವರನ್ನು ಕೇಳಿದರೆ, “ವಯಸ್ಸಾತಲ್ರಿ, ಕೈ ನಡಗೂದು ಇದ್ದದ್ದ” ಎನ್ನುತ್ತಾರೆ. ಈ ಒಂದು ಮಾತಿನಿಂದ ಎಷ್ಟೋ ವರ್ಷಗಳು ವ್ಯರ್ಥವಾಗುತ್ತವೆ. ವಯಸ್ಸಾದವರಲ್ಲಿ ಕೈ ನಡುಕ ಹೆಚ್ಚು ಕಾಣುತ್ತದೆ, ನಿಜ. ಆದರೆ ವಯಸ್ಸು ಒಂದು ಕಾಯಿಲೆಯ ಹೆಸರಲ್ಲ. ಕಣ್ಣಿಗೆ ಕಾಣುವಷ್ಟು, ಕೆಲಸಕ್ಕೆ ಅಡ್ಡಿಯಾಗುವಷ್ಟು ಕೈ ನಡುಗುತ್ತಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಕೆಲವು ಕಾರಣಗಳನ್ನು ಪೂರ್ತಿ ಸರಿಪಡಿಸಬಹುದು. ಇನ್ನು ಕೆಲವನ್ನು ಔಷಧಿಯಿಂದ ಹತೋಟಿಯಲ್ಲಿಡಬಹುದು. ಯಾವುದು ಎಂದು ತಿಳಿಯಬೇಕಾದರೆ ಒಮ್ಮೆ ವೈದ್ಯರ ಮುಂದೆ ಆ ಕೈಯನ್ನು ಜೇಬಿನಿಂದ ಹೊರತೆಗೆಯಲೇಬೇಕು.

ಹಿರಿಯರು ಏಕೆ ಮುಚ್ಚಿಡುತ್ತಾರೆ?

ದುಡಿದ ಕೈಗಳ ಊರುಗಳು ಇವು. ಗಜೇಂದ್ರಗಡದ ಮಗ್ಗಗಳಲ್ಲಿ ಸೀರೆ ನೇಯ್ದ ಕೈಗಳು, ಹತ್ತಿ ಹಿಂಜಿ ಗಾದಿ ಹೊಲಿದ ನದಾಫ್ ಮನೆತನಗಳ ಕೈಗಳು, ಟೇಲರಿಂಗ್, ಗ್ಯಾರೇಜು, ಬಳೆ ವ್ಯಾಪಾರ, ಕಡಲೆ-ಜೋಳದ ಹೊಲ ನೋಡಿಕೊಂಡ ಕೈಗಳು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದ ಮನುಷ್ಯನಿಗೆ ಈಗ ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ ಎಂದರೆ ಅದು ಅವರಿಗೆ ಬರೀ ದೇಹದ ತೊಂದರೆಯಲ್ಲ, ಮರ್ಯಾದೆಯ ಪ್ರಶ್ನೆ.

ಜನರ ಮಾತಿನ ಹೆದರಿಕೆಯೂ ಇದೆ. ಕೈ ನಡುಗಿದರೆ “ಕುಡಿತ ಇರಬೇಕು” ಎಂದು ಅನುಮಾನಿಸುವವರಿದ್ದಾರೆ. ಜೀವಮಾನದಲ್ಲಿ ಮದ್ಯ ಮುಟ್ಟದವರಿಗೆ ಇದಕ್ಕಿಂತ ದೊಡ್ಡ ನೋವಿಲ್ಲ. ಇನ್ನು ಕೆಲವರು ದೃಷ್ಟಿ ತಾಗಿದೆ, ಯಾರೋ ಏನೋ ಮಾಡಿಸಿದ್ದಾರೆ ಎಂದು ತಾವೀಝ್ ಕಟ್ಟಿಸಿ ಕಾಯುತ್ತಾರೆ. ದುಆ ಮಾಡುವುದಕ್ಕೂ ಡಾಕ್ಟರ ಬಳಿ ಹೋಗುವುದಕ್ಕೂ ವಿರೋಧವಿಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿವರ್ಯರ(ಸ) ಬೋಧನೆಯೇ ಆಗಿದೆ. ಅಷ್ಟೇ ಅಲ್ಲ, ಈ ನಡುಕವನ್ನು ಕಾಯಿಲೆಯೆಂದು ಗುರುತಿಸಿ ಬರೆದವರಲ್ಲಿ ನಮ್ಮ ಹಕೀಮರೂ ಇದ್ದಾರೆ. ಸಾವಿರ ವರ್ಷದ ಹಿಂದೆಯೇ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ವೈದ್ಯಗ್ರಂಥದಲ್ಲಿ ಇದನ್ನು ‘ರಅಶಾ’ ಎಂದು ಕರೆದು ಚರ್ಚಿಸಿದ್ದಾರೆ. ಇಂದಿಗೂ ಯುನಾನಿ ಹಕೀಮರು, ಉರ್ದು ಬಲ್ಲ ಹಿರಿಯರು ಬಳಸುವ ಪದ ಅದೇ. ಆಯುರ್ವೇದದಲ್ಲಿ ಇದಕ್ಕೆ ‘ಕಂಪವಾತ’ ಎನ್ನುತ್ತಾರೆ.

ಕೈ ‘ಯಾವಾಗ’ ನಡುಗುತ್ತದೆ?

ವೈದ್ಯರು ಮೊದಲು ಕೇಳುವ ಪ್ರಶ್ನೆ ಇದು. ಎಷ್ಟು ನಡುಗುತ್ತದೆ ಎಂಬುದಕ್ಕಿಂತ ಯಾವಾಗ ನಡುಗುತ್ತದೆ ಎಂಬುದು ಮುಖ್ಯ. ಇದಕ್ಕೆ ಉತ್ತರ ಇರುವುದು ಮನೆಯವರ ಬಳಿ.

ಕೆಲಸ ಮಾಡುವಾಗ ನಡುಗುವುದು: ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಏನೂ ಇಲ್ಲ. ಚಹಾ ಕಪ್ಪು ಎತ್ತಿದಾಗ, ಚಮಚ ಬಾಯಿಗೆ ತಂದಾಗ, ಸಹಿ ಹಾಕುವಾಗ, ಕೈ ಮುಂದೆ ಚಾಚಿದಾಗ ನಡುಕ ಶುರುವಾಗುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳಲ್ಲಿ ಇರುತ್ತದೆ. ಕೆಲವರಿಗೆ ತಲೆ ‘ಹೌದು-ಹೌದು’ ಅಥವಾ ‘ಇಲ್ಲ-ಇಲ್ಲ’ ಎಂಬಂತೆ ಆಡುತ್ತದೆ, ಧ್ವನಿಯೂ ಕಂಪಿಸುತ್ತದೆ. ತಂದೆಗೋ ಅಕ್ಕನಿಗೋ ಹೀಗೇ ಇತ್ತು ಎಂದು ಹೇಳುವವರು ಬಹಳ. ಇದನ್ನು ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ. ಪಾರ್ಕಿನ್ಸನ್ ಕಾಯಿಲೆಗಿಂತ ಇದೇ ಹೆಚ್ಚು ಸಾಮಾನ್ಯ. ಇದು ನಿಧಾನವಾಗಿ ಹೆಚ್ಚುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಊಟ, ಬರವಣಿಗೆಯಂತಹ ದಿನನಿತ್ಯದ ಕೆಲಸಗಳಿಗೆ ತುಂಬಾ ಅಡ್ಡಿಯಾಗಬಹುದು.

ಸುಮ್ಮನಿದ್ದಾಗ ನಡುಗುವುದು: ಕೈ ತೊಡೆಯ ಮೇಲೆ ವಿಶ್ರಾಂತಿಯಲ್ಲಿದೆ, ಆಗಲೇ ಹೆಬ್ಬೆರಳು ಮತ್ತು ತೋರುಬೆರಳು ಒಂದರ ಮೇಲೊಂದು ಉಜ್ಜಿದಂತೆ ಆಡುತ್ತವೆ. ನೋಡುವವರಿಗೆ ತಸ್ಬೀಹ್ ಇಲ್ಲದೆ ತಸ್ಬೀಹ್ ಎಣಿಸುತ್ತಿದ್ದಾರೇನೋ ಅನಿಸುತ್ತದೆ. ಏನಾದರೂ ಎತ್ತಿಕೊಳ್ಳಲು ಹೋದರೆ ನಡುಕ ಕಡಿಮೆಯಾಗುತ್ತದೆ. ನಡೆಯುವಾಗ ಮತ್ತೆ ಕಾಣುತ್ತದೆ. ಹೆಚ್ಚಾಗಿ ಒಂದೇ ಕೈಯಲ್ಲಿ ಶುರುವಾಗುತ್ತದೆ. ಇದು ಪಾರ್ಕಿನ್ಸನ್ ಕಾಯಿಲೆಯ ಗುರುತು ಆಗಿರಬಹುದು.

ಪಾರ್ಕಿನ್ಸನ್‌ನಲ್ಲಿ ನಡುಕ ಒಂದೇ ಇರುವುದಿಲ್ಲ. ಮುಖ್ಯವಾದದ್ದು ನಿಧಾನ. ನಡಿಗೆ ಸಣ್ಣ ಸಣ್ಣ ಹೆಜ್ಜೆಯದಾಗುತ್ತದೆ. ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಅಕ್ಷರ ಬರೆಯುತ್ತಾ ಹೋದಂತೆ ಸಣ್ಣದಾಗುತ್ತದೆ. ಮಾತು ಮೆಲ್ಲಗಾಗುತ್ತದೆ. ಮುಖದಲ್ಲಿ ನಗು-ಸಿಟ್ಟು ಕಾಣುವುದು ಕಡಿಮೆಯಾಗಿ, “ಅಬ್ಬಾ ಯಾಕೋ ಬೇಜಾರದಾಗ ಅದಾರ” ಎಂದು ಮನೆಯವರು ತಪ್ಪು ತಿಳಿಯುತ್ತಾರೆ. ಮಲಬದ್ಧತೆ, ಅತ್ತರಿನ ವಾಸನೆ ಗೊತ್ತಾಗದಿರುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು - ಇವು ಕೆಲವರಲ್ಲಿ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬಂದಿರುತ್ತವೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋಗುವುದು ಇದರ ಮೂಲ. ಎಲ್ಲ ಪಾರ್ಕಿನ್ಸನ್ ರೋಗಿಗಳಿಗೂ ಕೈ ನಡುಗಲೇಬೇಕೆಂದಿಲ್ಲ. ಕೈ ನಡುಗುವವರೆಲ್ಲ ಪಾರ್ಕಿನ್ಸನ್ ರೋಗಿಗಳೂ ಅಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದರಲ್ಲಿ ವಿವರಿಸಿದ್ದು ಕೇವಲ ಆರು ಜನರನ್ನು. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ ನಡೆದು ಹೋಗುವಾಗ. ಅಂದರೆ ಈ ಕಾಯಿಲೆಯನ್ನು ಹಿಡಿದದ್ದು ಯಂತ್ರವಲ್ಲ, ಗಮನವಿಟ್ಟು ನೋಡುವ ಕಣ್ಣು. ಇನ್ನೂರು ವರ್ಷಗಳ ನಂತರವೂ ಪಾರ್ಕಿನ್ಸನ್ ಇದೆಯೋ ಇಲ್ಲವೋ ಎಂದು ವೈದ್ಯರು ತೀರ್ಮಾನಿಸುವುದು ಮುಖ್ಯವಾಗಿ ರೋಗಿಯನ್ನು ನೋಡಿ, ಮಾತನಾಡಿಸಿ, ಪರೀಕ್ಷಿಸಿಯೇ.

ಮಾತ್ರೆಗಳ ಚೀಲವನ್ನೂ ನೋಡಿ

ಕೈ ನಡುಕಕ್ಕೆ ಕಾರಣ ಕೆಲವೊಮ್ಮೆ ಮನೆಯ ಔಷಧಿ ಡಬ್ಬಿಯಲ್ಲೇ ಇರುತ್ತದೆ. ಈ ಮಾತನ್ನು ದಯವಿಟ್ಟು ಗಮನವಿಟ್ಟು ಓದಿ.

ತಲೆಸುತ್ತಿಗೆಂದು ಕೊಟ್ಟ ಮಾತ್ರೆ ಒಂದು ವಾರಕ್ಕೆಂದು ಬರೆದಿರುತ್ತಾರೆ. ಅಜ್ಜಿಗೆ ಆರಾಮ ಅನಿಸುತ್ತದೆ. ಮೊಮ್ಮಗ ಔಷಧಿ ಅಂಗಡಿಗೆ ಹಳೆಯ ಪಟ್ಟಿ ತೋರಿಸಿ ಅದನ್ನೇ ತಿಂಗಳುಗಟ್ಟಲೆ ತರುತ್ತಾನೆ. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್, ಫ್ಲುನರಿಜಿನ್ ಎಂಬ ಔಷಧಿಗಳನ್ನು ವಯಸ್ಸಾದವರು ದೀರ್ಘಕಾಲ ತೆಗೆದುಕೊಂಡರೆ ಥೇಟ್ ಪಾರ್ಕಿನ್ಸನ್‌ನಂತಹ ನಡುಕ ಮತ್ತು ನಿಧಾನಗತಿ ಬರಬಹುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹಾಗೆಯೇ. ಆಮ್ಲಪಿತ್ತ, ಹೊಟ್ಟೆಯುಬ್ಬರಕ್ಕೆಂದು ಕೊಡುವ ಕೆಲವು ಕ್ಯಾಪ್ಸೂಲುಗಳಲ್ಲಿ ಗ್ಯಾಸಿನ ಔಷಧಿಯ ಜೊತೆ ಲೆವೊಸಲ್ಪಿರೈಡ್ ಸೇರಿರುತ್ತದೆ. “ಗ್ಯಾಸಿನ ಗುಳಿಗೆ ತಾನೇ” ಎಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಅದರಿಂದಲೂ ಕೈ ನಡುಗಬಹುದು. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದಲೂ ಹೀಗಾಗುವುದುಂಟು. ವೈದ್ಯರ ಸಲಹೆಯಂತೆ ಇಂತಹ ಔಷಧಿ ನಿಲ್ಲಿಸಿದಾಗ ಅಥವಾ ಬದಲಿಸಿದಾಗ ಬಹಳಷ್ಟು ಜನರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ನಡುಕ ಇಳಿಯುತ್ತದೆ.

ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್, ಥಿಯೊಫಿಲಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ - ಇವು ಕೆಲಸ ಮಾಡುವಾಗ ಬರುವ ನಡುಕವನ್ನು ಹೆಚ್ಚಿಸಬಹುದು. ದಿನಕ್ಕೆ ಎಂಟ್ಹತ್ತು ಕಪ್ ಗಟ್ಟಿ ಚಹಾ ಕೂಡ ನಡುಕವನ್ನು ಜಾಸ್ತಿ ಮಾಡುತ್ತದೆ.

ಆದರೆ ಇದನ್ನು ಓದಿದ ತಕ್ಷಣ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಫಿಟ್ಸ್, ಹೃದಯ, ಮಾನಸಿಕ ಕಾಯಿಲೆಯ ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಎಲ್ಲ ಮಾತ್ರೆಗಳನ್ನು - ಅಲೋಪತಿ, ಯುನಾನಿ, ಆಯುರ್ವೇದ, ಅಂಗಡಿಯಿಂದ ತಂದ ಪುಡಿ - ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಇಡಿ.

ಇನ್ನೆರಡು ಕಾರಣಗಳನ್ನು ಸಾದಾ ರಕ್ತ ಪರೀಕ್ಷೆಯಿಂದಲೇ ತಿಳಿಯಬಹುದು. ಒಂದು, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದು. ಕೈ ಸಣ್ಣಗೆ ನಡುಗುತ್ತದೆ, ತೂಕ ಇಳಿಯುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಸೆಖೆ ತಡೆಯಲಾಗುವುದಿಲ್ಲ. ಇನ್ನೊಂದು, ಸಕ್ಕರೆ ಇಳಿದುಹೋಗುವುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಊಟ ತಡ ಮಾಡಿದಾಗ ಇದ್ದಕ್ಕಿದ್ದಂತೆ ನಡುಕ, ತಣ್ಣನೆ ಬೆವರು, ಗಲಿಬಿಲಿ ಕಂಡರೆ ಅದು ಸಕ್ಕರೆ ಇಳಿದ ಸೂಚನೆ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ತಕ್ಷಣ ಕುಡಿಸಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಮನೆಯಲ್ಲೇ ಗಮನಿಸುವ ಬಗೆ

ವೈದ್ಯರ ಕೋಣೆಯಲ್ಲಿ ಸಿಗುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಉಪಯೋಗಕ್ಕೆ ಬರಬೇಕಾದರೆ ಮನೆಯಿಂದಲೇ ಸ್ವಲ್ಪ ತಯಾರಿ ಬೇಕು. ಒಂದು ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಈ ನಾಲ್ಕು ಕೆಲಸ ಮಾಡಿ. ಹಿರಿಯರಿಗೆ ಪರೀಕ್ಷೆ ಅನಿಸಬಾರದು, ಮಾತುಕತೆಯಂತೆ ಇರಲಿ.

1. ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟು ಕೂರಲು ಹೇಳಿ. ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ. ಗಮನ ಬೇರೆಡೆ ಹೋದಾಗ ಸುಮ್ಮನಿರುವ ಕೈಯ ನಡುಕ ಎದ್ದು ಕಾಣುತ್ತದೆ.

2. ಎರಡೂ ಕೈ ಮುಂದೆ ಚಾಚಿ ಅರ್ಧ ನಿಮಿಷ ಹಿಡಿಯಲಿ. ಆಮೇಲೆ ಅರ್ಧ ಲೋಟ ನೀರನ್ನು ಇನ್ನೊಂದು ಲೋಟಕ್ಕೆ ಸುರಿಯಲಿ. ಬಿಸಿ ಚಹಾ ಬೇಡ.

3. ಕಾಗದದ ಮೇಲೆ ಜಿಲೇಬಿಯಂತೆ ಒಳಗಿನಿಂದ ಹೊರಕ್ಕೆ ಸುರುಳಿ ಬಿಡಿಸಲಿ. ಎರಡೂ ಕೈಯಿಂದ ಒಂದೊಂದು. ಕೆಳಗೆ ತಮ್ಮ ಹೆಸರನ್ನು ನಾಲ್ಕು ಸಲ ಬರೆಯಲಿ, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ. ಗೆರೆ ಅಲೆಯಲೆಯಾಗಿದೆಯೋ, ಅಕ್ಷರ ಚಿಕ್ಕದಾಗುತ್ತಾ ಹೋಗಿದೆಯೋ ಎಂಬುದು ವೈದ್ಯರಿಗೆ ಬಹಳ ಹೇಳುತ್ತದೆ. ಕಾಗದಕ್ಕೆ ತಾರೀಖು ಹಾಕಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಮತ್ತೊಮ್ಮೆ ಬರೆಸಿ ಹೋಲಿಸಬಹುದು.

4. ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ತಿರುಗಿ ಬರಲಿ. ಕೈ ಬೀಸುತ್ತಾರೆಯೇ, ತಿರುಗುವಾಗ ತಡವರಿಸುತ್ತಾರೆಯೇ ನೋಡಿ.

ಇದನ್ನೆಲ್ಲ, ಅವರ ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಡುಕ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆಸ್ಪತ್ರೆಗೆ ಹೋದ ದಿನವೇ ಕೈ ಶಾಂತವಾಗಿರಬಹುದು. ಈ ವಿಡಿಯೋ ಮನೆಯವರಲ್ಲಿ ಇರಲಿ. ಸಂಬಂಧಿಕರ ವಾಟ್ಸ್‌ಆಪ್ ಗುಂಪಿಗೆ ಹಾಕಬೇಡಿ.

ಜೊತೆಗೆ ಒಂದು ಚೀಟಿ ಬರೆಯಿರಿ: ನಡುಕ ಯಾವಾಗ ಶುರುವಾಯಿತು, ಯಾವ ಕೈಯಲ್ಲಿ ಮೊದಲು, ಮನೆತನದಲ್ಲಿ ಯಾರಿಗಿತ್ತು, ಬಿದ್ದಿದ್ದಾರೆಯೇ, ಯಾವ ಕೆಲಸಕ್ಕೆ ತೊಂದರೆಯಾಗಿದೆ.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆಗೆ ದೂರ ಹೋಗಬೇಕಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಯಲ್ಲೋ ನಿಮ್ಮನ್ನು ಬಲ್ಲ ಡಾಕ್ಟರ ಬಳಿಯೋ ತೋರಿಸಿ. ಬಿಪಿ, ಸಕ್ಕರೆ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ, ಮಾತ್ರೆಗಳ ಪರಿಶೀಲನೆ - ಇಷ್ಟರಲ್ಲೇ ಎಷ್ಟೋ ಜನರ ಕಾರಣ ಸಿಕ್ಕಿಬಿಡುತ್ತದೆ.

ಅಲ್ಲಿಂದ ಮುಂದೆ ಹೋಗಬೇಕೆಂದರೆ ಜಿಲ್ಲಾ ಕೇಂದ್ರದಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜಿಮ್ಸ್ ಆಸ್ಪತ್ರೆ ಇದೆ. ಇಲ್ಲಿ ಮೆಡಿಸಿನ್ ವಿಭಾಗದ ವೈದ್ಯರಿಗೆ ತೋರಿಸಬಹುದು. ನರರೋಗ ತಜ್ಞರು ಬೇಕೆಂದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲೇ ಇರುವ ನರಗುಂದದವರಿಗೆ ಹುಬ್ಬಳ್ಳಿ ಸಲೀಸು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ ಡಿಮ್ಹಾನ್ಸ್ ಇದೆ. ಕಾಯಿಲೆ ಕ್ಲಿಷ್ಟವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಾರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ‘ಕರ್ನಾಟಕ ಮೆದುಳು ಆರೋಗ್ಯ’ ಕಾರ್ಯಕ್ರಮವನ್ನೂ ನಡೆಸುತ್ತಿವೆ. ಮಿದುಳಿನ ಕಾಯಿಲೆಗಳ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ತರುವುದು ಅದರ ಉದ್ದೇಶ. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿ.

ಒಂದು ಸಣ್ಣ ಸಲಹೆ: ಹೊರಡುವ ಮೊದಲು ನರರೋಗ ತಜ್ಞರು ಯಾವ ವಾರ ಕೂರುತ್ತಾರೆ ಎಂದು ಫೋನ್ ಮಾಡಿ ಕೇಳಿ. ಗಜೇಂದ್ರಗಡದಿಂದ ಬೆಳಗಿನ ಬಸ್ಸು ಹಿಡಿದು ಬಂದ ಹಿರಿಯರು “ಡಾಕ್ಟರ್ ಇವತ್ತಿಲ್ಲ” ಎಂದು ಕೇಳಿಸಿಕೊಂಡು ವಾಪಸಾದರೆ ಎರಡನೇ ಸಲ ಬರಲು ಒಪ್ಪುವುದಿಲ್ಲ. ಆಧಾರ್, ರೇಷನ್ ಕಾರ್ಡು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಜೊತೆಗಿರಲಿ. ತಾಲೂಕು ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದುಕೊಂಡೇ ಹೋಗಿ.

ಮಹಿಳೆಯರ ಬಗ್ಗೆ ಒಂದು ಮಾತು. ದಾದಿಯ ಕೈ ನಡುಗಿ ಸಾರು ಚೆಲ್ಲಿದರೆ ಅವರನ್ನು ಅಡುಗೆ ಮನೆಯಿಂದ ಕೂರಿಸುತ್ತೇವೆಯೇ ಹೊರತು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ಗಂಡು ಮಕ್ಕಳಿಗೆ ಬಿಡುವಿಲ್ಲ ಎಂದು ಅವರ ತೋರಿಸುವಿಕೆ ಹಬ್ಬದಿಂದ ಹಬ್ಬಕ್ಕೆ ಮುಂದೆ ಹೋಗುತ್ತದೆ. ಹಾಗಾಗದಿರಲಿ.

ತಡ ಮಾಡಲೇಬಾರದ ಲಕ್ಷಣಗಳು

ನಡುಕ ಇದ್ದಕ್ಕಿದ್ದಂತೆ ಬಂದು, ಜೊತೆಗೆ ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಶಕ್ತಿ ಕಳೆದುಕೊಂಡರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಆಗಿರಬಹುದು. ಜ್ವರ ಮತ್ತು ಗಲಿಬಿಲಿ ಜೊತೆಗಿದ್ದರೆ, ತಲೆಗೆ ಪೆಟ್ಟು ಬಿದ್ದ ನಂತರ ನಡುಕ ಬಂದರೆ, ಎಚ್ಚರ ತಪ್ಪಿದರೆ ಕೂಡ ಕಾಯಬೇಡಿ. 108ಕ್ಕೆ ಕರೆ ಮಾಡಿ. ನಲವತ್ತು ವರ್ಷದೊಳಗಿನವರಿಗೆ ಕೈ ನಡುಗಿದರೆ ಅದಕ್ಕೆ ಬೇರೆಯೇ ಪರೀಕ್ಷೆಗಳು ಬೇಕಾಗುತ್ತವೆ. ಅವರನ್ನೂ ಬೇಗ ತಜ್ಞರಿಗೆ ತೋರಿಸಿ.

ಚಿಕಿತ್ಸೆ ಇದೆ

ಎಸೆನ್ಷಿಯಲ್ ಟ್ರೆಮರ್ ಸೌಮ್ಯವಾಗಿದ್ದರೆ ಔಷಧಿಯೇ ಬೇಡದಿರಬಹುದು. ‘ಇದು ಪಾರ್ಕಿನ್ಸನ್ ಅಲ್ಲ’ ಎಂಬ ಒಂದು ಮಾತೇ ಅರ್ಧ ಸಮಾಧಾನ. ತೊಂದರೆ ಹೆಚ್ಚಿದ್ದರೆ ಪ್ರೊಪ್ರನೊಲಾಲ್, ಪ್ರಿಮಿಡೋನ್ ಎಂಬ ಔಷಧಿಗಳಿವೆ. ಪ್ರೊಪ್ರನೊಲಾಲ್ ಉಬ್ಬಸ ಇರುವವರಿಗೆ ಅಪಾಯಕಾರಿ. ಪಕ್ಕದ ಮನೆಯವರ ಮಾತ್ರೆಯನ್ನು ತಂದು ನುಂಗಬಾರದು ಎನ್ನುವುದು ಇದಕ್ಕೇ.

ಪಾರ್ಕಿನ್ಸನ್‌ಗೆ 1960ರ ದಶಕದಿಂದಲೂ ಲೆವೊಡೋಪಾ ಮುಖ್ಯ ಔಷಧಿ. ಮಿದುಳಿನಲ್ಲಿ ಕಡಿಮೆಯಾದ ಡೋಪಮಿನ್ನನ್ನು ಇದು ತುಂಬಿಕೊಡುತ್ತದೆ. ಕಾಯಿಲೆಯನ್ನು ಬೇರುಸಹಿತ ತೆಗೆಯುವುದಿಲ್ಲ, ಆದರೆ ನಡೆ-ನುಡಿ ಎಷ್ಟೋ ಸುಧಾರಿಸುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ಮಾಂಸ, ಮೊಟ್ಟೆ, ಬೇಳೆಯಂತಹ ಪ್ರೋಟೀನ್ ಜಾಸ್ತಿಯಿರುವ ಊಟದ ಜೊತೆ ನುಂಗಿದರೆ ಕೆಲವರಿಗೆ ಅದರ ಪರಿಣಾಮ ಕಡಿಮೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ಕೊಡುವುದೇ ಇದರ ಗುಟ್ಟು. ಯಾವ ಕಾರಣಕ್ಕೂ ಥಟ್ಟನೆ ನಿಲ್ಲಿಸಬಾರದು. ಔಷಧಿ ಸಾಲದಾದ ಆಯ್ದ ಕೆಲವರಿಗೆ ಮಿದುಳಿಗೆ ಸಣ್ಣ ತಂತಿ ಅಳವಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ದಿನವೂ ನಡಿಗೆ, ಕೈಕಾಲು ಚಾಚುವ ವ್ಯಾಯಾಮ ಔಷಧಿಯಷ್ಟೇ ಮುಖ್ಯ.

ಹಕೀಮರು ಮತ್ತು ಆಯುರ್ವೇದ ವೈದ್ಯರು ಬಳಸುವ ಕೌಂಚ್ ಬೀಜ, ಅಂದರೆ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಸಹಜವಾಗಿಯೇ ಇರುತ್ತದೆ. ಹಾಗಾಗಿ ಅದು ಬರೀ ಮನೆಮದ್ದಲ್ಲ, ಬಲವಾದ ಔಷಧಿ. ಮಾತ್ರೆಯ ಜೊತೆ ಅದನ್ನೂ ತೆಗೆದುಕೊಂಡರೆ ಪ್ರಮಾಣ ಮೀರಬಹುದು. ಬಳಸುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಹೊಲದಲ್ಲಿ ದುಡಿಯುವ ಕುಟುಂಬಗಳಿಗೆ ಇನ್ನೊಂದು ಎಚ್ಚರಿಕೆ. ಪ್ಯಾರಾಕ್ವಾಟ್‌ನಂತಹ ಕಳೆನಾಶಕ ಮತ್ತು ಕೆಲವು ಕೀಟನಾಶಕಗಳ ಸಂಪರ್ಕಕ್ಕೂ ಪಾರ್ಕಿನ್ಸನ್‌ಗೂ ನಂಟಿರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹತ್ತಿಗೆ, ಕಡಲೆಗೆ, ಮೆಣಸಿನಕಾಯಿಗೆ ಎಣ್ಣೆ ಹೊಡೆಯುವಾಗ ಬರಿಗೈಯಲ್ಲಿ ಕಲಸಬೇಡಿ. ಕೈಗವಸು, ಮುಖಕ್ಕೆ ಬಟ್ಟೆ, ತುಂಬುತೋಳಿನ ಅಂಗಿ ಇರಲಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ. ಖಾಲಿ ಡಬ್ಬಿಯಲ್ಲಿ ನೀರು ತುಂಬಿಡಬೇಡಿ.

ವುಝೂ, ನಮಾಝ್, ರೋಝಾ

ವುಝೂ ಮಾಡುವ ಜಾಗದಲ್ಲೇ ಹಿರಿಯರು ಹೆಚ್ಚಾಗಿ ಜಾರಿ ಬೀಳುವುದು. ಅಲ್ಲಿ ಹಿಡಿಕೆಯಿರುವ ಗಟ್ಟಿ ಕುರ್ಚಿ, ಜಾರದ ಚಾಪೆ, ಗೋಡೆಗೊಂದು ಹಿಡಿ ಹಾಕಿಸಿ. ತುಂಬಿದ ತಂಬಿಗೆ ಎತ್ತುವ ಬದಲು ನಳ ಇರಲಿ, ಇಲ್ಲವೇ ಮೊಮ್ಮಗ ನೀರು ಹಾಕಲಿ. ನಿಂತು ಆಗದವರಿಗೆ ಕುಳಿತು ನಮಾಝ್ ಮಾಡಲು ಅನುಮತಿ ಇರುವುದು ಎಲ್ಲರಿಗೂ ತಿಳಿದದ್ದೇ. ಪಾರ್ಕಿನ್ಸನ್ ಇರುವವರಿಗೆ ಸಜ್ದಾದಿಂದ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಅಂತಹವರು ಹಟ ಮಾಡದೆ ಕುರ್ಚಿ ಬಳಸಲಿ. ಕೈ ತಾನಾಗಿ ಅಲುಗಿದ್ದರಿಂದ ನಮಾಝ್ ಕೆಟ್ಟಿತೇನೋ ಎಂದು ಕೊರಗುವವರು ತಮ್ಮ ಮಸೀದಿಯ ಆಲಿಮರನ್ನು ಕೇಳಿ ಮನಸ್ಸು ಹಗುರ ಮಾಡಿಕೊಳ್ಳಲಿ.

ರಂಝಾನ್ ಬಂದಾಗ ಸಹ್ರಿ ಮತ್ತು ಇಫ್ತಾರಿಗೆಂದು ಮಾತ್ರೆಗಳನ್ನು ನೀವೇ ಹಿಂದೆಮುಂದೆ ಮಾಡಬೇಡಿ. ದಿನಕ್ಕೆ ಮೂರು-ನಾಲ್ಕು ಸಲದ ಲೆವೊಡೋಪಾ ತಪ್ಪಿದರೆ ದೇಹ ಬಿಗಿದುಕೊಂಡು, ನುಂಗಲೂ ಆಗದ ಸ್ಥಿತಿ ಬರಬಹುದು. ತಿಂಗಳಿಗೆ ಮೊದಲೇ ವೈದ್ಯರನ್ನು ಕಾಣಿ. ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇರುವುದು ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲೇ ಇದೆ. ವಾಸಿಯಾಗದ ಕಾಯಿಲೆಯವರಿಗೆ ಫಿದ್ಯಾದ ದಾರಿಯೂ ಇದೆ. “ಎಪ್ಪತ್ತು ವರ್ಷ ಬಿಟ್ಟಿಲ್ಲ, ಈಗ ಬಿಡಲೇ?” ಎಂದು ಕಣ್ಣೀರು ಹಾಕುವ ಹಿರಿಯರಿಗೆ ಈ ಮಾತನ್ನು ಮಗನಿಗಿಂತ ಮಸೀದಿಯ ಇಮಾಮರು ಹೇಳಿದರೆ ನಾಟುತ್ತದೆ.

ಊಟ, ಸಹಿ, ಸೌಲಭ್ಯ

ದೊಡ್ಡ ಹಿಡಿಕೆಯ ಭಾರದ ಲೋಟದಲ್ಲಿ ಅರ್ಧ ಮಾತ್ರ ಚಹಾ ಕೊಡಿ. ಅಂಚಿರುವ ತಟ್ಟೆ, ದಪ್ಪ ಹಿಡಿಯ ಚಮಚ, ಗುಂಡಿಯ ಬದಲು ಅಂಟುಪಟ್ಟಿಯ ಅಂಗಿ ಸಹಾಯಕ್ಕೆ ಬರುತ್ತವೆ. ಮೊಣಕೈಯನ್ನು ಮೇಜಿಗೆ ಊರಿ ತಿಂದರೆ ನಡುಕ ಕಡಿಮೆ. ಅವಸರ ಮಾಡಿಸಬೇಡಿ, ಉದ್ವೇಗ ಹೆಚ್ಚಿದಷ್ಟೂ ನಡುಕ ಹೆಚ್ಚುತ್ತದೆ. ನೀವೇ ತುತ್ತು ಹಾಕಿಬಿಡುವುದಕ್ಕಿಂತ ಅವರೇ ತಿನ್ನುವಂತೆ ಅನುಕೂಲ ಮಾಡಿಕೊಡುವುದು ಮೇಲು.

ಸಹಿ ಹೊಂದಲಿಲ್ಲವೆಂದು ಬ್ಯಾಂಕಿನಲ್ಲಿ ಪಿಂಚಣಿ ಹಣ ನಿಂತರೆ ಗಾಬರಿ ಬೇಡ. ಕಾಯಿಲೆಯಿಂದ ಸಹಿ ಹಾಕಲಾಗದ ಹಿರಿಯರ ಹೆಬ್ಬೆಟ್ಟಿನ ಗುರುತನ್ನು ಸಾಕ್ಷಿಗಳ ಸಮ್ಮುಖದಲ್ಲಿ ಒಪ್ಪಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಮ್ಯಾನೇಜರರ ಬಳಿ ಮಾತನಾಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ನ್ಯೂನತೆ ಶೇ. 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ಆ ನಡುಗುವ ಕೈ ದೀಪ ಹಚ್ಚಿತು

1996ರ ಜುಲೈ 19. ಅಮೆರಿಕದ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಉದ್ಘಾಟನೆ. ಜ್ಯೋತಿ ಬೆಳಗಿಸಲು ಕೊನೆಗೆ ಬಂದವರು ಬಾಕ್ಸರ್ ಮುಹಮ್ಮದ್ ಅಲಿ. ಜಗತ್ತೇ ಹೆದರುತ್ತಿದ್ದ ಆ ಕೈ ನಡುಗುತ್ತಿತ್ತು. ಅವರಿಗೆ ಪಾರ್ಕಿನ್ಸನ್ ಇರುವುದು 1984ರಲ್ಲಿ, 42ನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಕೋಟ್ಯಂತರ ಜನ ನೋಡುತ್ತಿದ್ದರು. ಅವರು ಕೈಯನ್ನು ಮುಚ್ಚಿಡಲಿಲ್ಲ, ಜ್ಯೋತಿ ಹಚ್ಚಿದರು. ಕಾಯಿಲೆ ತಿಳಿದ ನಂತರವೂ 32 ವರ್ಷ ಬದುಕಿ 2016ರಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಪಾರ್ಕಿನ್ಸನ್ ಚಿಕಿತ್ಸಾ ಕೇಂದ್ರ ಅಮೆರಿಕದ ಫೀನಿಕ್ಸ್‌ನಲ್ಲಿ ಇಂದಿಗೂ ರೋಗಿಗಳ ಸೇವೆ ಮಾಡುತ್ತಿದೆ.

ನಮ್ಮ ಮದುವೆ ಮನೆಯ ಆ ಹಿರಿಯರಿಗೂ ಇಷ್ಟು ಸಾಕು: ಮುಂದಿನ ವಾರ ಮಗನೋ ಮಗಳೋ ಒಂದು ದಿನದ ದುಡಿಮೆ ಬಿಟ್ಟು, ಮಾತ್ರೆಗಳ ಚೀಲ, ಜಿಲೇಬಿ ಸುರುಳಿಯ ಕಾಗದ ಹಿಡಿದು ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಮತ್ತು ಮುಂದಿನ ಮದುವೆಯಲ್ಲಿ ಚಹಾ ಬಂದಾಗ, ಅವರ ಪಾಲಿನದನ್ನು ಅರ್ಧ ಲೋಟ ಮಾಡಿ, ಯಾರೂ ನೋಡದಂತೆ ಎರಡೂ ಕೈಗೆ ಕೊಡುವುದು.